ವಾರಿಜ ಆಂಟಿಯ ಅಗ್ಗದ ಪಿಸ್ತೂಲು

ಆ ದಿನ ನಿಮ್ಮ ಪಿಸ್ತೂಲು ತಾನಾಗಿ ಕೆಟ್ಟದ್ದಲ್ಲ, ವಾರಿಜ ಆಂಟಿ. ಕೆಡಿಸಿದವನು ನಾನು. ಕೆಡಿಸಿದ್ದು ಗೊತ್ತಾದ ಮೇಲೂ ಬಾಯಿ ಮುಚ್ಚಿಕೊಂಡು, ಪಾಪದ ಆ ಬ್ರಾಂಡಿನ ಮೇಲೆ ಗೂಬೆ ಕೂರಿಸಿದವನೂ ನಾನೇ. ಇಷ್ಟನ್ನು ಹೇಳಲು ನನಗೆ ಏಳು ವರ್ಷ ಬೇಕಾಯಿತು. ಎಂಥ ಹೇಡಿ ಇವನು ಅಂತ ನೀವು ಅಂದುಕೊಂಡರೆ ಅದು ಸರಿಯಾಗಿಯೇ ಇದೆ.

ನಿಮಗೆ ಗೊತ್ತಿರುವುದನ್ನೂ ಇಲ್ಲಿ ಮತ್ತೆ ಬರೆಯುತ್ತಿದ್ದೇನೆ. ಇದನ್ನು ನಿಮ್ಮ ಮಗಳು ಸುಷ್ಮಾ ಕೂಡ ಓದಬೇಕು ಅಂತ ಆಸೆ. ಸಿಡ್ನಿಯ ಪಂದ್ಯವಾದ ಒಂದೇ ತಿಂಗಳಲ್ಲಿ ಅಮ್ಮ ಯಾಕೆ ಪಿಸ್ತೂಲ್ ಶೂಟಿಂಗ್ ಬಿಟ್ಟರು ಅಂತ ಆಕೆ ನನ್ನನ್ನು ಒಮ್ಮೆ ಕೇಳಿದ್ದಳು. ನಾನು ಹಾರಿಕೆಯ ಉತ್ತರ ಕೊಟ್ಟಿದ್ದೆ.

ಆಗ ನನಗೆ ಇಪ್ಪತ್ತೊಂಬತ್ತು. ಮೆಲ್ಬರ್ನಿನ ಕ್ಲೈಡ್ ನಾರ್ತ್‌ನಲ್ಲಿ ನಿಮ್ಮ ಎದುರು ಮನೆಯ ಒಂದು ರೂಮಿನಲ್ಲಿ ರೆಂಟಿಗಿದ್ದೆ. ಓದು ಮುಗಿದು, ಇಲ್ಲೇ ನೆಲೆಸಲು ಪಿಆರ್ ಸಿಕ್ಕಿ, ಸಾಫ್ಟ್‌ವೇರ್ ಟೆಸ್ಟಿಂಗ್ ಕೆಲಸವೂ ಸಿಕ್ಕಿ, ಮಾತಾಡಲು ಮಾತ್ರ ಒಂದು ನರಪಿಳ್ಳೆಯೂ ಇಲ್ಲದ ಕಾಲ ಅದು. ಕಸದ ಡಬ್ಬಿ ಹೊರಗಿಡುತ್ತ ಅಮ್ಮನ ಜೊತೆ ಫೋನಿನಲ್ಲಿ ಮಾತಾಡುತ್ತಿದ್ದೆ. ನೀವು ರಸ್ತೆ ದಾಟಿ ಬಂದು ನಿಂತಿರಿ.

"ಕನ್ನಡವಾ? ಯಾವ ಊರು ಮಾರಾಯ ನಿಂದು?"

"ತಿಪಟೂರು, ಆಂಟಿ."

"ಅಯ್ಯೋ, ತೆಂಗಿನಕಾಯಿಯ ಊರು! ನಮ್ಮದು ಉಡುಪಿ ಹತ್ರ. ಊಟ ಆಯ್ತಾ ಇಲ್ವಾ? ಸುಮ್ನೆ ನಾಚಿಕೆ ಮಾಡ್ಬೇಡ, ಬಾ."

ಅಂದು ಉಂಡ ಗಂಜಿ, ಚಟ್ನಿ, ಹಪ್ಪಳವನ್ನು ನಾನು ಈಗಲೂ ಮರೆತಿಲ್ಲ. ಊಟದ ನಡುವೆ ನೀವು ಕಾಲೇಜಿನಲ್ಲಿ ಖಾಕಿ ಹಾಕಿ ಕ್ಯಾಂಪಿಗೆ ಹೋದದ್ದು, ಅಲ್ಲಿ ರೈಫಲ್ ಹಾರಿಸಿ ಕಪ್ ಗೆದ್ದದ್ದು ಹೇಳಿದಿರಿ. ಆಮೇಲೆ ಮದುವೆ, ಮಗು, ಮೆಲ್ಬರ್ನ್, ಕೇರ್ ಹೋಮಿನಲ್ಲಿ ಮುದುಕರನ್ನು ಎತ್ತಿ ಕೂರಿಸುವ ಕೆಲಸ, ಅಂಕಲ್ ತೀರಿಕೊಂಡದ್ದು. "ಐವತ್ನಾಲ್ಕು ಆಯ್ತು. ಇನ್ನೊಂದು ಸಲ ಗುರಿ ಹಿಡಿದು ನೋಡ್ಬೇಕು ಅಂತ ಉಂಟು," ಅಂದಿರಿ. ಮುಂದಿನ ಶನಿವಾರವೇ ಪಿಸ್ತೂಲ್ ಕ್ಲಬ್ಬಿಗೆ ಹೊರಟಿರಿ. ಜೊತೆಗೆ ಜನ ಬೇಕು ಅಂತ ನನ್ನನ್ನೂ ಎಳೆದುಕೊಂಡು ಹೋದಿರಿ.

ಅರ್ಧ ವರ್ಷ ನಾವಿಬ್ಬರೂ ಕ್ಲಬ್ಬಿನ ಪಿಸ್ತೂಲಿನಲ್ಲೇ ಕಲಿತೆವು. ನೀವು ಕಲಿತಿರಿ — ನಾನು ಹಾರಿಸಿದೆ, ಅಷ್ಟೆ. ನಿಮ್ಮ ಕೈ ಎತ್ತಿದರೆ ಎತ್ತಿದಲ್ಲೇ ನಿಲ್ಲುತ್ತಿತ್ತು. ಕ್ಲಬ್ಬಿನ ಕಾರ್ಯದರ್ಶಿ ಕೀತ್, ಆ ಎಪ್ಪತ್ತರ ಮುದುಕ, ನಿಮ್ಮ ಹಿಂದೆ ನಿಂತು ತಲೆ ಆಡಿಸುತ್ತಿದ್ದ. ನನ್ನ ಹಿಂದೆ ನಿಂತಾಗ ಮಾತ್ರ ಕೆಮ್ಮುತ್ತಿದ್ದ.

ಆಮೇಲೆ ಸ್ವಂತದ್ದು ಕೊಳ್ಳುವ ಸಮಯ ಬಂತು. ನಾನು ಮೂರು ವಾರ ಇಂಟರ್ನೆಟ್ಟಿನಲ್ಲಿ ಮುಳುಗಿ, ಎಲ್ಲ ಬ್ರಾಂಡುಗಳ ಜಾತಕ ಕಲಿತು, ನಿಮಗೆ ಉಪನ್ಯಾಸ ಕೊಟ್ಟೆ. ಬಜೆಟ್ ಬ್ರಾಂಡ್ ಬೇಡವೇ ಬೇಡ ಆಂಟಿ, ಸ್ಪ್ರಿಂಗ್ ಬೇಗ ಹೋಗುತ್ತೆ, ಮ್ಯಾಗಜೀನ್ ಸಿಕ್ಕಿಹಾಕಿಕೊಳ್ಳುತ್ತೆ, ಬೇಕಾದ ಹೊತ್ತಿಗೆ ಹಾರುವುದಿಲ್ಲ. ನಾನೊಂದು ಹೆಸರಾಂತ ಬ್ರಾಂಡಿನದು ತಗೊಂಡೆ. ನೀವು ಅಂಗಡಿಯವನ ಮುಂದೆ ಅಗ್ಗದ್ದನ್ನು ಎತ್ತಿ, ಹಿಡಿದು, ಕಣ್ಣಿನ ಮಟ್ಟಕ್ಕೆ ತಂದು, ಇಳಿಸಿ ಮತ್ತೆ ಎತ್ತಿದಿರಿ. ಅಂಗಡಿಯವನು ಹೇಳಿದ್ದು ನನಗೆ ನೆನಪಿದೆ: ಹೊಸದರಲ್ಲಿ ಕೆಲವು ಡಬ್ಬಿ ಗುಂಡು ಹಾರಿಸಿ ನೋಡಿ, ಆಗ ನಡುವೆ ಸಿಕ್ಕಿಕೊಳ್ಳದಿದ್ದರೆ ಮುಂದೆಯೂ ಸಿಕ್ಕಿಕೊಳ್ಳುವುದಿಲ್ಲ, ತೊಳೆದು ಸರಿಯಾದ ಎಣ್ಣೆ ಹಾಕಿ, ಸಾಕು. ನಾನು ಮೂಗು ಮುರಿದೆ. ನೀವು ನನ್ನ ಕಡೆ ತಿರುಗಿದಿರಿ.

"ನೋಡು, ಊರಲ್ಲಿ ಹದಿನೈದು ವರ್ಷ ನಾನು ಕಡೆದದ್ದು ಹೆಸರಿಲ್ಲದ ಮಿಕ್ಸಿಯಲ್ಲಿ. ಅದು ಒಂದು ದಿನ ನಿಲ್ಲಲಿಲ್ಲ. ಅಗ್ಗ ಅಂದ್ರೆ ಹಾಳು ಅಂತ ಯಾರು ಹೇಳಿದ್ದು ನಿನಗೆ?"

ಯಾರು ಹೇಳಿದ್ದು... ಯಾರೋ. ಮುಖ ನೋಡದ ಜನ. ಅವರನ್ನು ನಂಬಿದೆ, ನಿಮ್ಮನ್ನು ನಂಬಲಿಲ್ಲ.

ಆ ಪಿಸ್ತೂಲು ಒಂಬತ್ತು ತಿಂಗಳು ಒಮ್ಮೆಯೂ ನಡುವೆ ನಿಲ್ಲಲಿಲ್ಲ. ನನ್ನ ದುಬಾರಿಯದು ಎರಡು ಸಲ ನಿಂತಿತು. ಗುಂಡು ಸರಿಯಿಲ್ಲ ಅಂತ ಗೊಣಗಿದೆ. ಪ್ರತಿ ಶನಿವಾರ ನಿಮ್ಮ ಅಂಕ ನನ್ನದಕ್ಕಿಂತ ಮೇಲೆ. ನೀವು ಒಂದು ದಿನವೂ ಆಡಿಕೊಳ್ಳಲಿಲ್ಲ. ನನಗೆ ಹೊಟ್ಟೆಕಿಚ್ಚಾಗುತ್ತಿತ್ತು, ಆಂಟಿ. ನಿಮ್ಮ ಕಾರಿನಲ್ಲೇ ಕೂತು, ನಿಮ್ಮ ಗೋಳಿಬಜೆಯನ್ನೇ ತಿನ್ನುತ್ತ ನಿಮ್ಮ ಮೇಲೆಯೇ ಹೊಟ್ಟೆಕಿಚ್ಚುಪಟ್ಟೆ. ಉಂಡ ಮನೆಗೆ ಎರಡು ಬಗೆಯುವುದು ಅಂದರೆ ಇದೇ ಇರಬೇಕು.

ಆ ಸೆಪ್ಟೆಂಬರಿನಲ್ಲಿ ಕೀತ್ ನಿಮ್ಮ ಹೆಸರನ್ನು ಸಿಡ್ನಿಯ ಪಂದ್ಯಕ್ಕೆ ಕಳಿಸಿದ. ಅಲ್ಲಿ ಮೊದಲ ಆರರಲ್ಲಿ ಬಂದರೆ ನಮ್ಮ ರಾಜ್ಯ ವಿಕ್ಟೋರಿಯಾದ ಹಿರಿಯ ಮಹಿಳೆಯರ ತಂಡಕ್ಕೆ ಆಯ್ಕೆ. ಬೆನ್ನ ಮೇಲೆ ರಾಜ್ಯದ ಹೆಸರಿರುವ ನೀಲಿ ಜಾಕೆಟ್. ನೀವು ಜಾಕೆಟ್ಟಿನ ಬಗ್ಗೆ ಮಾತಾಡಿದ್ದು ಒಂದೇ ಸಲ. "ಕೇರ್ ಹೋಮಿಗೆ ಹಾಕ್ಕೊಂಡು ಹೋಗ್ತೇನೆ. ಆ ಮ್ಯಾನೇಜರ್ ಹೆಂಗಸಿಗೆ ತೋರಿಸ್ಬೇಕು," ಅಂದು ಗಹಗಹಿಸಿ ನಕ್ಕಿರಿ. ನಿಮಗೆ ಅದು ಎಷ್ಟು ಬೇಕಾಗಿತ್ತು ಅಂತ ಆ ನಗುವಿನಲ್ಲೇ ನನಗೆ ಗೊತ್ತಾಗಿತ್ತು.

ಪಂದ್ಯಕ್ಕೆ ಒಂದು ವಾರ ಮುಂಚೆ ಆಯುಧಪೂಜೆ. ಹಬ್ಬ ಬಂದಿದ್ದು ವಾರದ ನಡುವೆ. ಇಲ್ಲಿ ಎಲ್ಲ ಹಬ್ಬವೂ ಶನಿವಾರವೇ ತಾನೆ? ಶನಿವಾರ ಶೂಟಿಂಗ್ ಮುಗಿಸಿ, ಕ್ಲಬ್ಬಿನ ಹಿಂದಿನ ಮೇಜಿನ ಮೇಲೆ ಇಬ್ಬರ ಪಿಸ್ತೂಲನ್ನೂ ಬಿಚ್ಚಿ ಒರೆಸಿ ಪೂಜೆ ಮಾಡುವುದು ಅಂತ ತೀರ್ಮಾನವಾಗಿತ್ತು. ನಾನು ಕುಂಕುಮ, ವಿಭೂತಿ, ಎರಡು ನಿಂಬೆಹಣ್ಣು, ಒಂದು ಸಣ್ಣ ಬಾಟಲಿ ಕೊಬ್ಬರಿ ಎಣ್ಣೆ ತಂದಿದ್ದೆ. ತಿಪಟೂರಿನವರು ನಾವು — ಗಾಯಕ್ಕೂ ಕೊಬ್ಬರಿ ಎಣ್ಣೆ, ಗೇಟಿನ ಕೀಲಿಗೂ ಕೊಬ್ಬರಿ ಎಣ್ಣೆ. ಹಬ್ಬದ ದಿನ ಅಮ್ಮ ತನ್ನ ಹೊಲಿಗೆ ಮಿಷನ್ನಿನ ತೂತು ತೂತಿಗೂ ಅದನ್ನೇ ಬಿಟ್ಟು ಕುಂಕುಮ ಇಡುತ್ತಿದ್ದಳು. ಮಿಷನ್ನು ವರ್ಷವಿಡೀ ಓಡುತ್ತಿತ್ತು.

ಕೀತ್ ಬಂದು, ಈ ಕೆಂಪು ಚುಕ್ಕಿ ಏನು ಅಂತ ಕೇಳಿದ. "ಟುಡೇ ಈಸ್ ಬರ್ತ್‌ಡೇ ಫಾರ್ ಟೂಲ್ಸ್," ಅಂದಿರಿ ನೀವು. ಅವನು ತನ್ನ ಹಳೇ ಸ್ಕ್ರೂಡ್ರೈವರನ್ನೂ ತಂದು ಮೇಜಿನ ಮೇಲಿಟ್ಟ. ನೀವು ಅದಕ್ಕೂ ಬೊಟ್ಟಿಟ್ಟಿರಿ. ಆಮೇಲೆ "ನನ್ನದಕ್ಕೂ ಎಣ್ಣೆ ಹಾಕಿ ಜೋಡಿಸಿ ಇಡು ಮಾರಾಯ, ನಾನು ಚಾ ಮಾಡ್ತೇನೆ," ಅಂತ ಒಳಗೆ ಹೋದಿರಿ.

ಇಲ್ಲಿಂದ ನನ್ನ ಬರಹ ನಿಧಾನ. ಏನೂ ಬಿಡಬಾರದು ಅಂತ.

ಪಿಸ್ತೂಲಿನ ಎಣ್ಣೆಯ ಬಾಟಲಿಯಲ್ಲಿ ತಳದಲ್ಲಿ ನಾಲ್ಕು ಹನಿ ಉಳಿದಿತ್ತು. ಅದನ್ನು ನನ್ನದಕ್ಕೆ ಹಾಕಿದೆ. ನಾಲ್ಕೂ ಹನಿ. ಆಮೇಲೆ ನಿಮ್ಮದನ್ನು ನೋಡಿದೆ, ಕೊಬ್ಬರಿ ಎಣ್ಣೆಯ ಬಾಟಲಿಯನ್ನು ನೋಡಿದೆ. ಅಕ್ಟೋಬರಿನಲ್ಲಿ ಮೆಲ್ಬರ್ನ್ ಒಂದೊಂದು ದಿನ ಹುಚ್ಚು ಬಿಸಿಲು ಕೊಡುತ್ತದಲ್ಲ, ಅಂಥ ದಿನ ಅದು. ಕಾರಿನಲ್ಲಿದ್ದ ಎಣ್ಣೆ ನೀರಿನ ಹಾಗೆ ಕರಗಿತ್ತು. 'ಇದಕ್ಕೆ ಇಷ್ಟು ಸಾಕು' ಅಂದುಕೊಂಡೆ. ಮಾತು ಮನಸ್ಸಿನಲ್ಲಿ ಹಾಗೇ ಬಂತು, ಪದಕ್ಕೆ ಪದ. ಮೇಲಿನ ಜಾರುವ ಭಾಗದ ಕೊರಕಲಿಗೆ, ಗುಂಡಿನ ಬೆನ್ನಿಗೆ ಬಡಿಯುವ ಪಿನ್ನಿನ ತೂತಿಗೆ, ಅಮ್ಮ ಮಿಷನ್ನಿಗೆ ಬಿಟ್ಟ ಹಾಗೆ ಧಾರಾಳವಾಗಿ ಬಿಟ್ಟೆ. ಆ ತೂತಿಗೆ ಯಾವ ಎಣ್ಣೆಯನ್ನೂ ಬಿಡಬಾರದು ಅಂತ ನನ್ನ ಪಿಸ್ತೂಲಿನ ಪುಸ್ತಕದಲ್ಲೇ ಓದಿದ್ದೆ. ಜೋಡಿಸಿ, ಒರೆಸಿ, ಪೆಟ್ಟಿಗೆಯಲ್ಲಿಟ್ಟೆ. ನೀವು ಚಹಾ ತಂದಿರಿ. "ಪಾಪ, ಎಷ್ಟು ಚಂದ ಮಾಡಿದ್ದಿ," ಅಂದಿರಿ.

ಚಳಿಗೆ ಕೊಬ್ಬರಿ ಎಣ್ಣೆ ಹೆಪ್ಪುಗಟ್ಟುತ್ತದೆ ಅಂತ ನನಗೆ ಗೊತ್ತಿರಲಿಲ್ಲವೇ? ಈ ಊರಿನಲ್ಲಿ ತಲೆಗೆ ಹಚ್ಚಿಕೊಳ್ಳಲು ಬಾಟಲಿಯನ್ನು ಬಿಸಿನೀರಿನಲ್ಲಿ ನಿಲ್ಲಿಸುವವನು ನಾನು. ಯೋಚನೆ ಹೋಗಲಿಲ್ಲ — ಹಾಗಂತ ಏಳು ವರ್ಷ ನನಗೆ ನಾನೇ ಹೇಳಿಕೊಂಡು ಬಂದಿದ್ದೇನೆ. ಅದು ನಿಜವೂ ಇರಬಹುದು. ಆದರೆ ನನ್ನ ಪಿಸ್ತೂಲಿನ ವಿಷಯಕ್ಕೆ ಯೋಚನೆ ಸರಿಯಾಗಿಯೇ ಹೋಗಿತ್ತಲ್ಲ...

ಮುಂದಿನ ವಾರ ನೀವು ಸಿಡ್ನಿಗೆ ಕಾರು ಓಡಿಸಿದಿರಿ. ನಡುವೆ ಕೇರ್ ಹೋಮಿನ ಶಿಫ್ಟುಗಳ ಗಡಿಬಿಡಿಯಲ್ಲಿ ಪ್ರಾಕ್ಟೀಸಿಗೆ ಬಿಡುವೇ ಆಗಿರಲಿಲ್ಲ. ನಾನು ಪೆಟ್ಟಿಗೆ ಹೊರಲು ಬಂದ ಸಹಾಯಕ. ನಾವು ಸಿಡ್ನಿಯ ರೌಸ್ ಹಿಲ್‌ನಲ್ಲಿ ಸುಷ್ಮಾಳ ಮನೆಯಲ್ಲಿ ಇಳಿದೆವು. ಪಿಸ್ತೂಲನ್ನು ಪಂದ್ಯ ನಡೆಸುವ ಕ್ಲಬ್ಬಿನ ಕಬ್ಬಿಣದ ಕಪಾಟಿನಲ್ಲಿಟ್ಟೆವು. ಹಿಂದಿನ ದಿನ ದಕ್ಷಿಣದ ಗಾಳಿ ಎದ್ದು ಊರು ಗಡಗಡ ನಡುಗುತ್ತಿತ್ತು. ಬೆಳಿಗ್ಗೆ ಕಪಾಟಿನಿಂದ ತೆಗೆದಾಗ ಪಿಸ್ತೂಲು ಮಂಜುಗಡ್ಡೆಯಂತಿತ್ತು ಅಂತ ನೀವೇ ಕೈ ಉಜ್ಜಿಕೊಂಡಿರಿ.

ಮೊದಲ ಸರದಿ. ಕೆಲವೇ ಸೆಕೆಂಡುಗಳಲ್ಲಿ ಐದು ಗುಂಡು ಹಾರಿಸಬೇಕು. ನಿಮ್ಮ ಕೈ ಎದ್ದಿತು, ನಿಂತಿತು. ಟಿಕ್ ಅಂತ ಸದ್ದಾಯಿತು, ಗುಂಡು ಹಾರಲಿಲ್ಲ. ನೀವು ನಿಯಮದಂತೆ ಇನ್ನೊಂದು ಕೈ ಎತ್ತಿದಿರಿ. ಅಧಿಕಾರಿ ಬಂದು ನೋಡಿ, ಮತ್ತೊಮ್ಮೆ ಹಾರಿಸಲು ಅವಕಾಶ ಕೊಟ್ಟ. ಒಂದು ಸಲಕ್ಕೆ ಮಾತ್ರ ಅವಕಾಶ, ಎರಡನೇ ಸಲಕ್ಕಿಲ್ಲ. ಎರಡು ಗುಂಡು ನಟ್ಟನಡುವೆ ಹೋಗಿ ಬಿದ್ದವು. ಮೂರನೆಯದಕ್ಕೆ ಮತ್ತೆ ಟಿಕ್. ಮೇಲಿನ ಭಾಗ ಅರ್ಧಕ್ಕೇ ಅಂಟಿಕೊಂಡು ನಿಂತಿತು. ಉಳಿದ ಸರದಿಗಳಲ್ಲಿ ಅದು ಬಿಸಿಯಾಗುತ್ತ ಬಂದು ಚೆನ್ನಾಗಿಯೇ ಓಡಿತು. ಆದರೆ ಹೋದ ಅಂಕ ಹೋದದ್ದೇ. ನೀವು ಏಳನೆಯವರಾದಿರಿ, ಆಂಟಿ. ಏಳನೆಯವರು.

ನೀವು ಬೆಂಚಿನ ಮೇಲೆ ಕೂತಿರಿ. "ಕುಣಿಯಲಿಕ್ಕೆ ಬಾರದವಳು ಅಂಗಳ ಡೊಂಕು ಅಂದಳಂತೆ. ಪಿಸ್ತೂಲಿಗೆ ಯಾಕೆ ಬೈಯುದು, ನನ್ನ ಕೈಯದ್ದೇ ಏನೋ ತಪ್ಪಿರ್ಬೇಕು," ಅಂದಿರಿ. ಸುಷ್ಮಾ ನಿಮಗೆ ನೀರು ಕೊಡುತ್ತಿದ್ದಳು. ನಾನು ಮೇಜಿನ ಹತ್ತಿರ ಬೆನ್ನು ಹಾಕಿ ನಿಂತು ಪಿಸ್ತೂಲು ಬಿಚ್ಚಿದೆ.

ಬಿಚ್ಚಿದ ಕೂಡಲೇ ನಮ್ಮ ಮನೆಯ ಎಣ್ಣೆಸ್ನಾನದ ವಾಸನೆ. ಕೊರಕಲಿನ ಮೂಲೆಯಲ್ಲಿ, ಪಿನ್ನಿನ ತೂತಿನ ಬಾಯಲ್ಲಿ ಇನ್ನೂ ಕರಗದ ಬಿಳಿಯ ಮೇಣದಂಥದ್ದು, ಮಸಿ ಬೆರೆತು ಅಂಟಂಟು. ಒಂದು ಕ್ಷಣದಲ್ಲಿ ಎಲ್ಲ ಗೊತ್ತಾಯಿತು. ತಿರುಗಿ, ಆಂಟಿ, ನನ್ನಿಂದ ತಪ್ಪಾಯಿತು ಅನ್ನಬೇಕಿತ್ತು. ನೀವು ಹತ್ತು ಹೆಜ್ಜೆ ದೂರದಲ್ಲಿದ್ದಿರಿ.

ನಾನು ಟಿಶ್ಯೂ ತೆಗೆದು ಒರೆಸಿದೆ. ಒಂದು, ಎರಡು, ಮೂರು ಟಿಶ್ಯೂ. ಜೇಬಿಗೆ ಹಾಕಿಕೊಂಡೆ. ಆಮೇಲೆ ಬಂದು ನಿಮ್ಮೆದುರು ನಿಂತು ಹೇಳಿದೆ:

"ನಾನು ಮೊದಲೇ ಹೇಳಿರ್ಲಿಲ್ವಾ ಆಂಟಿ? ಅಗ್ಗದ ಬ್ರಾಂಡ್ ಅಂದ್ರೆ ಇಷ್ಟೇ."

ಆ ದನಿಯಲ್ಲಿ ಸಮಾಧಾನ ಹೇಳುವವನ ಧಾಟಿ ಇತ್ತು. ಒಳಗೆ ಸಣ್ಣದೊಂದು ಖುಷಿಯೂ ಇತ್ತು, ಸುಳ್ಳು ಹೇಳುವುದಿಲ್ಲ. ಕೊನೆಗೂ ನನ್ನ ಮಾತೇ ಗೆದ್ದಿತಲ್ಲ ಅನ್ನುವ ಹಾಳು ಖುಷಿ. ನೀವು ನನ್ನ ಮುಖ ನೋಡಿದಿರಿ, ನಂಬಿದಿರಿ.

ವಾಪಸಿನ ದಾರಿ ಒಂಬತ್ತು ಗಂಟೆ. ನಡುವೆ ಯಾವುದೋ ಪೆಟ್ರೋಲ್ ಬಂಕಿನಲ್ಲಿ ನಿಲ್ಲಿಸಿ, ಸುಷ್ಮಾ ಕಟ್ಟಿಕೊಟ್ಟ ನೀರುದೋಸೆಯಲ್ಲಿ ದೊಡ್ಡ ಪಾಲು ನನಗೆ ಕೊಟ್ಟಿರಿ. "ನಿನ್ನ ಮಾತು ಕೇಳ್ಬೇಕಿತ್ತು. ಪ್ರಾಯ ಆದವರಿಗೆ ಚಿಕ್ಕವರು ಹೇಳಿದ್ದು ತಲೆಗೆ ಹೋಗುದಿಲ್ಲ. ನಿನ್ನ ವೀಕೆಂಡ್ ಕೂಡ ಹಾಳು ಮಾಡಿದೆ," ಅಂದಿರಿ. ನೀವು ನನ್ನ ಕ್ಷಮೆ ಕೇಳಿದಿರಿ, ಆಂಟಿ! ನಾನು ದೋಸೆ ನುಂಗುತ್ತ "ಪರವಾಗಿಲ್ಲ ಬಿಡಿ" ಅಂದೆ. ನನ್ನ ಜೀವನದಲ್ಲಿ ಅದಕ್ಕಿಂತ ನಾಚಿಕೆಗೇಡಿನ ಮಾತನ್ನು ನಾನು ಇನ್ನೊಂದು ಆಡಿಲ್ಲ.

ಒಂದು ತಿಂಗಳಲ್ಲಿ ನೀವು ಪಿಸ್ತೂಲನ್ನು ಕ್ಲಬ್ಬಿಗೇ ಮಾರಿದಿರಿ. "ನಮ್ಮಂಥವರಿಗೆ ಹೇಳಿದ್ದಲ್ಲ ಇದೆಲ್ಲ," ಅಂದಿರಿ. ಇನ್ನೊಂದು ಬ್ರಾಂಡ್ ಕೊಳ್ಳಿ ಅಂತ ಕೀತ್ ಎಷ್ಟು ಹೇಳಿದರೂ ಕೇಳಲಿಲ್ಲ. ಮರುವರ್ಷ ಸುಷ್ಮಾಳಿಗೆ ಮಗುವಾಯಿತು, ನೀವು ರೌಸ್ ಹಿಲ್‌ಗೆ ಹೋದಿರಿ. ಮೊಮ್ಮಗುವಿಗಾಗಿ ಹೋದರು ಅಂತ ಎಲ್ಲರೂ ಅಂದರು, ನಾನೂ ಹಾಗೇ ಅಂದೆ.

ನೀವು ಹೋದ ಮೇಲೆ ಶನಿವಾರಗಳು ಶನಿವಾರಗಳಾಗಿ ಉಳಿಯಲಿಲ್ಲ. ಈಗ ನಾನು ಮೆಲ್ಬರ್ನಿನ ಇನ್ನೊಂದು ತುದಿಯ ವೆರಿಬೀಯಲ್ಲಿದ್ದೇನೆ, ಅಲ್ಲಿಂದಲೇ ಹಳೇ ಕ್ಲಬ್ಬಿಗೆ ಹೋಗುತ್ತೇನೆ, ಮನೆಯಿದೆ, ಮಾರ್ಟ್‌ಗೇಜ್ ಇದೆ, ನನ್ನದೇ ಕಾರಿದೆ. ಆ ಕಾರಿನ ಎಡಸೀಟು ಖಾಲಿ. ಕೇರ್ ಹೋಮಿನ ಮುದುಕರ ತಂಟೆ ತಕರಾರು ಹೇಳುತ್ತ, ಮಧ್ಯೆ ತುಳುವಿನಲ್ಲಿ ಎದುರಿನ ಕಾರಿನವನಿಗೆ ಬೈಯುತ್ತ, "ಡಬ್ಬಿ ಈಗಲೇ ತೆರೀಬೇಡ, ಕೀತನಿಗೆ ಉಳಿಸು" ಅಂತ ಗದರುವ ಧ್ವನಿ ಬೇಕು ಅನ್ನಿಸುತ್ತದೆ. ತುಂಬ ಬೇಕು ಅನ್ನಿಸುತ್ತದೆ. ಫೋನ್ ಮಾಡಬಹುದಿತ್ತಲ್ಲ ಅಂತೀರಿ. ಮಾಡುತ್ತಿದ್ದೆ — ಯುಗಾದಿಗೊಂದು, ದೀಪಾವಳಿಗೊಂದು. ಎರಡು ನಿಮಿಷದಲ್ಲಿ ಆಫೀಸಿನ ನೆಪ ಹೇಳಿ ಇಡುತ್ತಿದ್ದೆ. ಯಾಕೆ ಅಂತ ನಿಮಗೆ ಈಗ ತಿಳಿಯುತ್ತದೆ.

ಇನ್ನೂ ಒಂದು ಇದೆ. ಸುಮ್ಮನಿದ್ದರಾದರೂ ಆಗುತ್ತಿತ್ತು, ನಾನು ಸುಮ್ಮನಿರಲಿಲ್ಲ. ಕ್ಲಬ್ಬಿಗೆ ಹೊಸಬರು ಬಂದು, ಬಜೆಟ್ ಬ್ರಾಂಡ್ ಕೊಳ್ಳಬಹುದಾ, ನಂಬಬಹುದಾ ಅಂತ ಕೇಳಿದಾಗಲೆಲ್ಲ ನಿಮ್ಮ ಕಥೆ ಹೇಳಿದೆ. ಸಿಡ್ನಿಯಲ್ಲಿ ಕಣ್ಣಾರೆ ಕಂಡಿದ್ದೇನೆ ಅಂದೆ. ಕಂಡದ್ದು ನಿಜ, ನೋಡಿ.

ಹೋದ ತಿಂಗಳು ಹಾಸನದ ಹುಡುಗಿ ಮೇಘನಾ ಕೇಳಿದಳು. ಇಲ್ಲಿ ಫಾರ್ಮಸಿಯಲ್ಲಿ ಕೆಲಸ ಮಾಡುತ್ತಾಳೆ, ಕ್ಲಬ್ಬಿಗೆ ಹೊಸಬಳು. ಎಂದಿನಂತೆ ನಾನು ಶುರು ಮಾಡಿದೆ, ಬ್ರಾಂಡಿನ ಹೆಸರು ಹೇಳಿದೆ. ಅವಳು ತನ್ನ ಮುಂದಿದ್ದ ಪಿಸ್ತೂಲಿನ ಪಕ್ಕೆಯನ್ನು ನೋಡಿದಳು.

"ಅಣ್ಣಾ, ಇದೂ ಅದೇ ಬ್ರಾಂಡ್ ಅಲ್ವಾ? ಮೂರು ತಿಂಗಳಿಂದ ಇದ್ರಲ್ಲೇ ಕಲೀತಿದೀನಿ. ಒಂದ್ಸಲಾನೂ ನಿಂತಿಲ್ವಲ್ಲ?"

ಅದು ಅದೇ ಬ್ರಾಂಡ್ ಅಷ್ಟೇ ಅಲ್ಲ, ಅದೇ ಪಿಸ್ತೂಲು. ಕ್ಲಬ್ಬಿನ ಕಲಿಕೆಯ ಪಿಸ್ತೂಲಾಗಿ ಏಳು ವರ್ಷದಿಂದ ಎಷ್ಟೋ ಹೊಸಬರ ಒರಟು ಕೈಯಲ್ಲಿ ಓಡುತ್ತಿದೆ. ಕೀತ್ ಅಲ್ಲೇ ಇದ್ದ. "ದಟ್ ವನ್? ನೆವರ್ ಗಿವನ್ ಅಸ್ ಎ ಡೇಸ್ ಟ್ರಬಲ್," ಅಂದು, ನನ್ನ ಮುಖವನ್ನು ಸ್ವಲ್ಪ ಹೆಚ್ಚೇ ಹೊತ್ತು ನೋಡಿದ. ನಾನು ನೀರು ಕುಡಿಯುವ ನೆಪದಲ್ಲಿ ಎದ್ದು ಹೋದೆ.

ಆ ಸಂಜೆ ನಿಮಗೆ ಫೋನ್ ಮಾಡಿದೆ, ಹಬ್ಬವಿಲ್ಲದೆ. ಹೇಳಲೆಂದೇ ಮಾಡಿದ್ದು. ನೀವು ಎಷ್ಟು ಸಂಭ್ರಮಪಟ್ಟಿರಿ! ಪಿಸ್ತೂಲ್ ಕ್ಲಬ್ ರೌಸ್ ಹಿಲ್ ಹತ್ತಿರವೂ ಇದೆಯಂತಲ್ಲ ಆಂಟಿ, ಮತ್ತೆ ಶುರು ಮಾಡಬಾರದಾ ಅಂತ ನಾನು ಸುತ್ತಿ ಬಳಸಿ ಬಂದೆ. ನೀವು ನಕ್ಕಿರಿ.

"ಎಂಥ ಶುರು ಮಾಡುದು ಮಾರಾಯ? ಈಗ ಎರಡು ವರ್ಷದಿಂದ ಬಲಗೈ ನಡುಗ್ತದೆ. ಚಾ ಹಿಡ್ಕೊಂಡ್ರೆ ಸಾಸರಿಗೆ ಬಡಿದು ಕಟಕಟ ಅಂತದೆ. ಡಾಕ್ಟ್ರು ಮಾತ್ರೆ ಕೊಟ್ಟಿದ್ದಾರೆ, ಇನ್ನು ಅದು ಹೀಗೇ ಅಂತೆ. ಬಿಡು, ನೀನು ಊಟ ಮಾಡಿದ್ಯಾ?"

ಮಾಡಿದೆ ಆಂಟಿ ಅಂದು ಫೋನ್ ಇಟ್ಟೆ. ಇಟ್ಟು ಅತ್ತೆ.

ಕೀತನಿಗೂ ಮೇಘನಾಳಿಗೂ ಹೇಳಬೇಕು. ಕಥೆ ಕೇಳಿದ ಉಳಿದವರನ್ನೂ ಒಬ್ಬೊಬ್ಬರಾಗಿ ಹುಡುಕಿ ಹೇಳುತ್ತೇನೆ. ಆದರೆ ಮೊದಲು ನಿಮಗೆ ಗೊತ್ತಾಗಬೇಕು. ಈ ಶುಕ್ರವಾರ ರಜ ಹಾಕಿ ಸಿಡ್ನಿಗೆ ಬರುತ್ತೇನೆ. ಇದನ್ನು ನಿಮ್ಮ ಕೈಗೆ ಕೊಟ್ಟು, ನೀವು ಓದಿ ಮುಗಿಸುವವರೆಗೆ ಎದುರೇ ಕೂರುತ್ತೇನೆ. ಬೈಯಿರಿ, ಎದ್ದು ಹೋಗು ಅಂದರೆ ಎದ್ದು ಹೋಗುತ್ತೇನೆ. ಕ್ಷಮಿಸಿ ಅಂತ ಕೇಳುವುದಿಲ್ಲ. ಕೇಳಿದರೆ ನೀವು ಕ್ಷಮಿಸಿಬಿಡುತ್ತೀರಿ, ಊಟಕ್ಕೂ ಏಳಿಸುತ್ತೀರಿ. ನಿಮ್ಮ ಆ ಗುಣದ ಮೇಲೆ ಮತ್ತೊಮ್ಮೆ ಸವಾರಿ ಮಾಡುವುದು ನನಗೆ ಬೇಡ.

ಆ ವರ್ಷ ಜಾಕೆಟ್ ತಪ್ಪಿದ್ದರೂ ಮರುವರ್ಷ ಸಿಗುತ್ತಿತ್ತು, ಅದರ ಮರುವರ್ಷವಾದರೂ ಸಿಗುತ್ತಿತ್ತು. ಒಂದು ಮಾತು ಆಡಿದ್ದರೆ ಸಾಕಿತ್ತು — ಪಿಸ್ತೂಲು ಸರಿಯಾಗಿದೆ, ನಿಮ್ಮ ಆಯ್ಕೆ ಸರಿಯಾಗಿತ್ತು, ನಿಮ್ಮ ಕೈ ಸರಿಯಾಗಿದೆ. ಕೈ ನಡುಗಲು ಶುರುವಾದದ್ದು ಎರಡು ವರ್ಷದ ಹಿಂದೆ ಅಂದಿರಿ. ಅದಕ್ಕೆ ಮುಂಚಿನ ಐದು ವರ್ಷ ಅದು ನಡುಗುತ್ತಿರಲಿಲ್ಲ, ಆಂಟಿ. ಆ ಐದು ವರ್ಷವನ್ನು ನಿಮ್ಮಿಂದ ಕಿತ್ತುಕೊಂಡವನು ನಾನು.